ಕೈ ಕಿಸೆಯೊಳಗಿಟ್ಟು ಕಲಿಸುವ ಊರು

ವಾಡಿ ಜಂಕ್ಷನ್

ನಾನು ಕೆನಡಾ ದೇಶಕ್ಕೆ ಹೋಗಿ ಬಂದವನು ಅಂತ ಗೊತ್ತಾದರೆ ನಮ್ಮ ಕಡೆ ಮಂದಿ ಎರಡೇ ಮಾತು ಕೇಳುತ್ತಾರೆ. ಚಳಿ ಎಷ್ಟಿತ್ತು, ಊಟಕ್ಕೆ ಏನು ಮಾಡಿದಿರಿ. ಚಳಿ ಭಾಳ ಇತ್ತು, ಊಟ ಸಪ್ಪಗಿತ್ತು ಅಂದರೆ ಅವರಿಗೆ ಸಮಾಧಾನ. ಅಲ್ಲಿಗೆ ಯಾತಕ್ಕೆ ಹೋಗಿದ್ದೆ, ಹೋದ ಕೆಲಸ ಏನಾಯಿತು ಎಂದು ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಕೇಳಲಿ ಅಂತ ಕಾಯುತ್ತ ಕೂತರೆ ಆಯುಷ್ಯ ಮುಗಿದೀತು. ಅದಕ್ಕೇ ನಾನಾಗಿ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬರವಣಿಗೆ ಒರಟಾಗಿದ್ದರೆ ಇರಲಿ, ಸುಳ್ಳು ಮಾತ್ರ ಇಲ್ಲ.

ನನ್ನ ಊರು ಮಳಖೇಡ. ಕೆಲಸ ಶಹಾಬಾದಿನ ಕಾರ್ಖಾನೆಯಲ್ಲಿ, ವೆಲ್ಡಿಂಗು. ಬಾಯ್ಲರು, ದೊಡ್ಡ ದೊಡ್ಡ ಕಬ್ಬಿಣದ ಪೀಪಾಯಿ ಮಾಡುವ ಕಾರ್ಖಾನೆ ಅದು. ಸಾಲಾಗಿ ಹತ್ತು ಬೆಸುಗೆ ಇಟ್ಟರೆ ಅದರಲ್ಲಿ ಈ ಶರಣಪ್ಪನದು ಯಾವುದು ಅಂತ ಮಂದಿ ದೂರದಿಂದ ತೋರಿಸುತ್ತಿದ್ದರು. ಇದು ಬಡಾಯಿ ಅಲ್ಲ, ಇದ್ದ ಮಾತು.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ರಾಜಸ್ಥಾನದ ಕಡೆ ಕೆನಡಾದವರ ನೆರವಿನಿಂದ ಅಣುಶಕ್ತಿಯ ಕರೆಂಟು ತೆಗೆಯುವ ಕೇಂದ್ರ ಕಟ್ಟುತ್ತಿದ್ದರು. ಅದರ ಕೆಲವು ಪೈಪಿನ ಕೆಲಸ ನಮ್ಮ ಕಾರ್ಖಾನೆಗೆ ಬರುವುದಿತ್ತು. ಆದರೆ ಒಂದು ಷರತ್ತು. ಆ ಪೈಪು ಮುಟ್ಟುವವನು ಪರೀಕ್ಷೆ ಪಾಸಾಗಿರಬೇಕು. ಅವನಿಗೆ ಕಲಿಸಿದವನು ಕಲಿಸುವ ಪರೀಕ್ಷೆಯನ್ನೂ ಪಾಸಾಗಿರಬೇಕು. ಕಲಿಸುವುದಕ್ಕೂ ಪರೀಕ್ಷೆ ಇರುತ್ತದೆ ಅಂತ ನಾನು ಕೇಳಿದ್ದು ಅದೇ ಮೊದಲು. ನಕ್ಕುಬಿಟ್ಟಿದ್ದೆ.

ಆ ಪರೀಕ್ಷೆಗೆ ಕೆನಡಾಕ್ಕೆ ಹೋಗಲು ಮ್ಯಾನೇಜರು ನನ್ನನ್ನೂ ಚಿತ್ತಾಪುರದ ಮಹೆಬೂಬನನ್ನೂ ಆರಿಸಿದರು. ಮಹೆಬೂಬ ನನಗಿಂತ ಸಣ್ಣವನು, ಒಳ್ಳೆ ಕೈ, ಬಾಯಿ ಮಾತ್ರ ಸುಮ್ಮನಿರದು. ನಮ್ಮಿಬ್ಬರ ಇಂಗ್ಲಿಷು ಕಾರ್ಖಾನೆಯ ಇಂಗ್ಲಿಷು, ನಟ್ಟು ಬೋಲ್ಟಿಗೆ ಸಾಕು, ಮನುಷ್ಯರಿಗೆ ಸಾಲದು. ಅದಕ್ಕೆ ಧಾರವಾಡ ಕಡೆಯ ಇಂಜಿನಿಯರು ಕುಲಕರ್ಣಿ ಸಾಹೇಬರನ್ನು ಜೊತೆಗೆ ಕಳಿಸಿದರು. ಹೊರಡುವ ಮುಂಚೆ ಮ್ಯಾನೇಜರು ನನ್ನೊಬ್ಬನನ್ನೇ ಕರೆದು ಬಿಡಿಸಿ ಹೇಳಿದರು. ಕಲಿಸುವ ಕಾರ್ಡು ತಂದರೆ ಇಲ್ಲೇ ಶೆಡ್ಡು ಹಾಕಿ ಸೇಡಂ, ಚಿಂಚೋಳಿ, ಚಿತ್ತಾಪುರದ ಮಂದಿಯನ್ನು ತಯಾರು ಮಾಡುತ್ತೇವೆ. ತರದಿದ್ದರೆ ಮುಂಬೈಯಿಂದ ವೆಲ್ಡರುಗಳನ್ನು ಕರೆಸಬೇಕಾಗುತ್ತದೆ, ನಿಮ್ಮವರು ಕಲ್ಲಿನ ಖಣಿಯಲ್ಲೇ ಇರುತ್ತಾರೆ. ನಾನು ಅಂದೆ, ಕಾರ್ಡು ತಂದೆ ಅಂತಲೇ ತಿಳಕೊಳ್ರಿ.

ವಾಡಿ ಸ್ಟೇಷನ್ನಿಗೆ ಕಳಿಸಲು ಅರ್ಧ ಕಾಲೋನಿ ಬಂದಿತ್ತು. ನನ್ನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ಮಂದಿ ಕೇಳಿಸಿಕೊಳ್ಳದ ಹಾಗೆ ಹೇಳಿದಳು, "ಅಲ್ಲಿ ಮಂದಿ ಮ್ಯಾಲ ಸಿಟ್ಟಿಗೇಳಬ್ಯಾಡ್ರಿ. ಅವರಿಗಿ ನಿಮ್ಮ ಸ್ವಭಾವ ಗೊತ್ತಿಲ್ಲ."

ಸರೋವರದ ಊರು

ವಿಮಾನದ ಬಗ್ಗೆ ಬರೆಯುವುದಿಲ್ಲ. ಕಣ್ಣು ಮುಚ್ಚಿಕೊಂಡು ಕೂತವನು ಏನು ಬರೆದಾನು?

ನಾವು ಇಳಿದ ಊರು ಒಂದು ಸರೋವರದ ದಂಡೆಯ ಮೇಲಿದೆ. ಸರೋವರ ಅಂದರೆ ಆಚೆ ದಂಡೆ ಕಾಣದು. ನಮ್ಮ ಕಾಗಿಣಾ ಶ್ರಾವಣದಲ್ಲಿ ತುಂಬಿ ಬಂದಾಗ ದೊಡ್ಡ ಹೊಳೆ ಅಂತ ಮೆರೆಯುತ್ತಿದ್ದವನು ನಾನು. ಇಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ.

ಮರುದಿನ ಮುಂಜಾನೆ ಕಿಟಕಿ ತೆರೆದರೆ ಮನೆ, ಗಿಡ, ಕಾರು ಎಲ್ಲ ಬೆಳ್ಳಗೆ. ಮಹೆಬೂಬ ನನ್ನ ಹೆಗಲ ಮೇಲಿಂದ ಇಣುಕಿದ. ವಾಡಿಯಲ್ಲಿ ಸಿಮೆಂಟಿನ ಧೂಳು ಮಾಳಿಗೆ ಮೇಲೆ ಹೀಗೇ ಕೂರುತ್ತದೆ. "ಅಣ್ಣ, ಇಲ್ಲಿ ಫ್ಯಾಕ್ಟರಿ ಯಾವ ಕಡಿ ಅದ?" ಅಂದ. ಅದು ಹಿಮ ಅಂತ ಹೇಳುವಷ್ಟರಲ್ಲಿ ಕುಲಕರ್ಣಿ ಸಾಹೇಬರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.

ನಮಗೆ ಮನೆ ಕೊಟ್ಟಾಕೆ ಡೋರಿಸ್ ಅಂತ ಒಬ್ಬ ವಿಧವೆ ಅಜ್ಜಿ. ಸ್ನಾನಕ್ಕೆ ಮನುಷ್ಯ ಮಲಗುವಷ್ಟು ಉದ್ದದ ತೊಟ್ಟಿ ಇತ್ತು. ಸ್ವಂತ ಕೊಳೆ ನೀರಿನಲ್ಲಿ ತಾನೇ ಮಲಗುವುದು ನಮಗೆ ಸರಿ ಕಾಣಲಿಲ್ಲ. ತೊಟ್ಟಿಯ ಹೊರಗೆ ನಿಂತು ಚೊಂಬಿನಿಂದ ನೀರು ಹೊಯ್ದುಕೊಂಡೆವು. ನೀರು ಹೋಗಲು ಅಲ್ಲಿ ಬಚ್ಚಲ ಕಿಂಡಿ ಇಲ್ಲ, ನೆಲ ಕಟ್ಟಿಗೆಯದು. ಆ ನೀರು ಕೆಳಗೆ ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿ ಸುಡುತ್ತಿದ್ದ ಒಲೆಯ ಮೇಲೆ ಇಳಿಯಿತು. ಆಕೆ ಮೇಲೆ ಬಂದು ನೋಡಿ, ಬೈಯುವುದು ಬಿಟ್ಟು, ತಾನೇ ಕ್ಷಮೆ ಕೇಳಿದಳು. ಮೊದಲೇ ಹೇಳಬೇಕಿತ್ತಂತೆ. ಆ ದೇಶದವರೇ ಹಾಗೆ. ನಾವು ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ. ನಮ್ಮ ಗುಲಬರ್ಗಾ ಬಸ್ಸಿನಲ್ಲಿ ಇಂಥವರು ಹತ್ತಿದರೆ ಇಳಿಯುವ ಊರು ಬರುವತನಕ ಕ್ಷಮೆ ಕೇಳುತ್ತಲೇ ಇರಬೇಕಾದೀತು.

ಬಿಳಿ ಕೈಗವಸಿನ ಶೆಡ್ಡು

ಕಲಿಸುವ ಶೆಡ್ಡು ಊರ ಹೊರಗೆ. ಕಬ್ಬಿಣದ ಕೆಲಸ ಮಾಡುವ ಜಾಗ ಅಂದರೆ ಯಾರೂ ನಂಬಲಾರರು. ನೆಲದ ಮೇಲೆ ಕೂತು ಉಣ್ಣಬಹುದು, ಅಷ್ಟು ಸ್ವಚ್ಛ. ಎಲ್ಲರ ಕೈಗೂ ಬಿಳಿ ಅರಿವೆಯ ಕೈಗವಸು. ಅಲ್ಲಿಯ ಗುರು ವಾಲ್ಟರ್ ಸಾಹೇಬ, ಅರವತ್ತರ ಹತ್ತಿರದ ಮನುಷ್ಯ, ತೆಳ್ಳಗೆ ಎತ್ತರ, ಎರಡು ಕೈಯೂ ಸದಾ ಪ್ಯಾಂಟಿನ ಕಿಸೆಯಲ್ಲಿ. ಇವನಿಗೆ ಚಳಿ ಭಾಳ ಅಂತ ನಾನು ತಿಳಿದಿದ್ದೆ.

ಮೊದಲ ದಿನ ಹೊಳೆಯುವ ಸ್ಟೀಲಿನ ಪೈಪು ಕಂಡು, ಎತ್ತಿನ ಮೈ ಸವರುವ ಹಾಗೆ ಬರಿಗೈಲಿ ಸವರಿದೆ. ವಾಲ್ಟರ್ ಸಾಹೇಬ ಆ ಪೈಪನ್ನು ಎತ್ತಿಸಿ ತೊಳೆಯಲು ಕಳಿಸಿಬಿಟ್ಟ. ನನಗೆ ಅವಮಾನವಾಯಿತು. ಆಮೇಲೆ ಕುಲಕರ್ಣಿ ಸಾಹೇಬರು ತಿಳಿಸಿ ಹೇಳಿದರು. ಬೆವರಿನಲ್ಲಿ ಉಪ್ಪಿದೆ, ಆ ಉಪ್ಪು ಈ ಜಾತಿಯ ಸ್ಟೀಲಿಗೆ ಹತ್ತಿದರೆ ವರ್ಷಗಳ ಮೇಲೆ ಅಲ್ಲೇ ಕೂದಲೆಳೆಯಷ್ಟು ಸೀಳು ಬಿಟ್ಟೀತು. ನಮ್ಮಲ್ಲಿ ಬೆವರು ಹನಿ ಹನಿಯಾಗಿ ಕೆಲಸದ ಮೇಲೆ ಬಿದ್ದರೆ ದುಡಿಯುವ ಮನುಷ್ಯ ಅಂತ ಹೊಗಳುತ್ತಾರೆ. ಇಲ್ಲಿ ಅದು ಮೈಲಿಗೆ.

ಆದರೂ ನನ್ನ ಕೈ ನನ್ನನ್ನು ಬಿಟ್ಟುಕೊಡಲಿಲ್ಲ. ಸ್ವಂತ ಬೆಸುಗೆಯ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದೆ. ಎಕ್ಸ್‌ರೇ ಫಿಲ್ಮಿನಲ್ಲಿ ನನ್ನ ಬೆಸುಗೆ ಒಂದು ಚುಕ್ಕೆ ಇಲ್ಲದೆ ಬಂತು. ಮಹೆಬೂಬನೂ ಪಾಸಾದ. ನಾವು ಊರಿಗೆ ಹೊರಟ ಹಾಗೇ ಕುಣಿದಾಡಿದೆವು. ಆಗ ವಾಲ್ಟರ್ ಸಾಹೇಬ ಕುಲಕರ್ಣಿಯವರ ಬಾಯಿಂದ ನನಗೆ ಹೇಳಿಸಿದ್ದು ಇಷ್ಟು. ಇದು ನಿಮ್ಮ ಕೈಯ ಕಾರ್ಡು, ಕಲಿಸುವ ಕಾರ್ಡು ಬೇರೆ. ನಿಮಗೊಬ್ಬ ಶಿಷ್ಯನನ್ನು ಕೊಡುತ್ತೇವೆ, ಅವನ ಬೆಸುಗೆ ಪಾಸಾದರೆ ನೀವು ಪಾಸು. ಅದಕ್ಕೆ ಎರಡೇ ಅವಕಾಶ.

ಅರ್ನಿ

ಶಿಷ್ಯ ಬಂದ. ನನಗಿಂತ ದೊಡ್ಡವನು! ಅರ್ನಿ ಅಂತ ಹೆಸರು, ಗಡ್ಡದ ಮನುಷ್ಯ, ಅಂಗೈ ಹಲಗೆಯಷ್ಟು ಅಗಲ. ತಲೆತಲಾಂತರದಿಂದ ಆ ಸರೋವರದಲ್ಲಿ ಮೀನು ಹಿಡಿಯುವ ಮನೆತನ. ಮೀನು ಕಡಿಮೆಯಾಗಿ, ದೋಣಿ ಮಾರಿ, ದಂಡೆಯ ಮೇಲೆ ಬರುತ್ತಿದ್ದ ಅಣು ಕೇಂದ್ರದಲ್ಲಿ ಕೆಲಸ ಸಿಕ್ಕೀತೆಂದು ಬಂದಿದ್ದ. ಪಾಸಾಗದಿದ್ದರೆ ಅವನು ಊರು ಬಿಟ್ಟು ಉತ್ತರದ ಗಣಿಗೆ ಹೋಗಬೇಕು. ನನ್ನ ಹಾಗೇ ಅವನಿಗೂ ಇದೇ ಬಾಗಿಲು.

ನನಗೆ ಕಲಿಸಿದವರು ಶಹಾಬಾದಿನ ರಸೂಲ್ ಉಸ್ತಾದರು. ಅವರು ಬಾಯಿಬಿಟ್ಟು ಒಂದು ದಿನ ಒಂದು ಮಾತು ಹೇಳಲಿಲ್ಲ. ಬೆನ್ನ ಹಿಂದೆ ನಿಂತು ನೋಡಿ ಕಲಿಯಬೇಕು. ಕೈ ತಪ್ಪಿದರೆ ಬೆಸುಗೆಯ ಟಾರ್ಚು ಕಸಿದುಕೊಂಡು ತಾವೇ ಮಾಡಿ ಮುಗಿಸುವರು. ಸಾಹೇಬರು ತಪಾಸಣೆಗೆ ಬಂದಾಗ ಶಿಷ್ಯನ ಬೆಸುಗೆ ಕೆಟ್ಟಿದ್ದರೆ ಅದರ ಮೇಲೆ ಉಸ್ತಾದರ ಕೈ ಒಮ್ಮೆ ಹಾಯುತ್ತದೆ, ಕೆಟ್ಟದ್ದು ಮುಚ್ಚುತ್ತದೆ. ಶಿಷ್ಯನ ಮಾನ ಉಳಿಸುವುದು ಉಸ್ತಾದರ ಧರ್ಮ. ನಮ್ಮಲ್ಲಿ ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಪ್ರೀತಿ ಅನ್ನುತ್ತಾರೆ.

ನಾನು ಅದೇ ಪದ್ಧತಿ ಹಿಡಿದೆ. ಅರ್ನಿಯ ಬೆಸುಗೆ ಡೊಂಕಾದರೆ ಟಾರ್ಚು ಕಸಿಯುತ್ತಿದ್ದೆ, ಮಾಡಿ ತೋರಿಸುತ್ತಿದ್ದೆ, ಹಿಂಗ ಮಾಡೋ ಮಾರಾಯಾ ಅಂತ ಕನ್ನಡದಲ್ಲೇ ಅನ್ನುತ್ತಿದ್ದೆ. ಅವನು ತಲೆ ಆಡಿಸಿ ಮತ್ತೆ ಡೊಂಕೇ ಮಾಡುತ್ತಿದ್ದ. ವಾಲ್ಟರ್ ಸಾಹೇಬ ಹಿಂದೆ ಬಂದು ನಿಂತು, ಕೈ ಕಿಸೆಯಲ್ಲಿಡಿ ಅನ್ನುತ್ತಿದ್ದ. ಚಳಿಗಾಗಿ ಅಲ್ಲ, ಆ ಮನುಷ್ಯ ಕಲಿಸುವುದೇ ಹಾಗೆ ಅಂತ ಆಗ ಗೊತ್ತಾಯಿತು. ನಾನು ಒಂದು ಗಳಿಗೆ ಇಟ್ಟುಕೊಂಡು ಮತ್ತೆ ತೆಗೆಯುತ್ತಿದ್ದೆ. ಹಾಲು ಉಕ್ಕುವಾಗ ಕೈ ಕಟ್ಟಿ ನಿಲ್ಲು ಅಂದರೆ ನಿಲ್ಲುವುದು ಹೇಗೆ?

ಪರೀಕ್ಷೆಯ ದಿನ

ಅಲುಗದಂತೆ ಅಡ್ಡ ಕಟ್ಟಿದ ಪೈಪಿನ ಸುತ್ತ ಬೆಸುಗೆ ಹಾಕುವಾಗ ಕಷ್ಟದ ಜಾಗ ಅದರ ಕೆಳಹೊಟ್ಟೆ. ಕರಗಿದ ಲೋಹ ಕೆಳಗೆ ಬೀಳಬಾರದು, ಮೇಲಕ್ಕೇ ಅಂಟಬೇಕು. ಅರ್ನಿ ಎರಡೂ ಪಕ್ಕ ಚೆನ್ನಾಗಿ ತಂದ. ಕೆಳಹೊಟ್ಟೆಗೆ ಬರುವಾಗ ಅವನ ಕೈ ನಡುಗಿತು. ನಾನು ಪಕ್ಕದಲ್ಲೇ ಇದ್ದೆ. ನನಗೆ ಕಂಡದ್ದು ಆ ನಡುಗುವ ಕೈ ಒಂದೇ. ಅವನ ಕೈಯಿಂದ ಟಾರ್ಚು ತೆಗೆದುಕೊಂಡೆ, ಆ ನಾಲ್ಕು ಬೆರಳಿನಷ್ಟು ಜಾಗ ದಾಟಿಸಿದೆ, ಮರಳಿ ಅವನ ಕೈಗೆ ಕೊಟ್ಟೆ. ಭಾಳ ಚಂದ ಬಂದಿತ್ತು.

ವಾಲ್ಟರ್ ಸಾಹೇಬ ಮೆತ್ತಗೆ, ಸಾಕು ನಿಲ್ಲಿಸಿ ಅಂದ. ಕರೆಂಟು ನಿಂತಿತು. ಪರೀಕ್ಷೆ ರದ್ದು.

ಅರ್ನಿ ಮುಖಕ್ಕೆ ಹಿಡಿದಿದ್ದ ಶೀಲ್ಡು ತೆಗೆದು ನನ್ನನ್ನು ನೋಡಿದ. ಕ್ಷಮೆ ಕೇಳುವ ದೇಶದವನು ಕ್ಷಮೆ ಕೇಳಲಿಲ್ಲ. ಸಿಟ್ಟಿನಿಂದ ಕೆಂಪಗಾಗಿದ್ದ. ಏನೋ ಅಂದು ಹೊರಗೆ ನಡೆದ. ಏನಂದ ಅಂತ ಕೇಳಿದೆ. ಕುಲಕರ್ಣಿ ಸಾಹೇಬರು ಹೇಳಲು ಹಿಂದೆ ಮುಂದೆ ನೋಡಿದರು. ಹೇಳ್ರಿ ಸಾಹೇಬರ ಅಂದೆ.

"ಅದು ನನ್ನ ಕೆಲಸ ಇತ್ತು ಅಂದಾನ. ಕೆಟ್ಟಿದ್ರೂ ನಂದೇ ಕೆಡತಿತ್ತು ಅಂದಾನ."

ನನಗೂ ಸಿಟ್ಟು ಬಂತು. ಅವನ ಮಾನ ಉಳಿಸಿದ್ದು ನಾನು, ಮುಖ ತಿರುಗಿಸಿದ್ದು ಅವನು. ವಾಲ್ಟರ್ ಸಾಹೇಬ ಅಲ್ಲೇ ಸ್ಟೂಲಿನ ಮೇಲೆ ಕೂತು ನಿಧಾನ ಮಾತಾಡಿದ, ಕುಲಕರ್ಣಿಯವರು ಒಂದೊಂದೇ ತಿಳಿಸಿದರು. ಈ ಪೈಪು ಕೇಂದ್ರದೊಳಗೆ ಕೂತು ಕೆಲಸ ಶುರುವಾದ ಮೇಲೆ ಅದರ ಹತ್ತಿರ ಮನುಷ್ಯ ಸುಲಭಕ್ಕೆ ಹೋಗುವ ಹಾಗಿಲ್ಲ, ಆಮೇಲೆ ತಿದ್ದುತ್ತೇನೆ ಅನ್ನುವ ಮಾತಿಲ್ಲ. ಬೆಸುಗೆ ಹಾಕಿದವನಿಗೆ ತನ್ನ ಕೈ ಎಲ್ಲಿ ಅಳುಕಿತು ಅಂತ ಗೊತ್ತಿರಬೇಕು. ಗೊತ್ತಿದ್ದರೆ ಅಲ್ಲೇ ಹೇಳುತ್ತಾನೆ, ಅಲ್ಲೇ ತೆಗೆದು ಹೊಸದು ಹಾಕಬಹುದು. ಈ ಪೈಪಿನ ಕೆಳಹೊಟ್ಟೆ ನಿಮಗೆ ಗೊತ್ತು, ಅರ್ನಿಗೆ ಗೊತ್ತಿಲ್ಲ. ನಾಳೆ ಅಲ್ಲಿ ನಿಲ್ಲುವವನು ಅರ್ನಿ.

ಅವತ್ತು ನಾನು ಊಟ ಮಾಡಲಿಲ್ಲ. ಮಹೆಬೂಬ ಒಲೆ ಹಚ್ಚಿ ಬೇಳೆ ಬೇಯಿಸಿ ಮುಂದಿಟ್ಟ. ಉಳಿದಿದ್ದು ಒಂದೇ ಅವಕಾಶ. ಅದು ಹೋದರೆ ಶಹಾಬಾದಿನಲ್ಲಿ ಶೆಡ್ಡು ಇಲ್ಲ.

ದಂಡೆಯ ಮೇಲೆ ಒಂದು ರವಿವಾರ

ಅರ್ನಿ ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ರವಿವಾರ ಮಹೆಬೂಬ ನನ್ನ ಕೋಟು ತಂದು ಮುಂದೆ ಹಿಡಿದ. "ನಡಿ ಅಣ್ಣ. ಅಂವಾ ಬರಂಗಿಲ್ಲ ಅಂದ್ರ ನಾವೇ ಹೋಗಬೇಕು. ಕಲಿಯಾಂವ ಮುನಿಸಿಕೊಂಡ್ರ ಉಸ್ತಾದ ಮನೀಗಿ ಹೋಗೋದು ನಮ್ಮ ಕಡಿ ಇಲ್ಲ, ನನಗೂ ಗೊತ್ತದ. ಇದು ನಮ್ಮ ಕಡಿ ಅಲ್ಲ."

ಅರ್ನಿ ದಂಡೆಯ ಮೇಲಿನ ಕಟ್ಟಿಗೆ ಕೊಠಡಿಯಲ್ಲಿದ್ದ. ದೋಣಿ ಮಾರಿದ್ದರೂ ಬಲೆ ಮಾರಿರಲಿಲ್ಲ. ಹರಿದ ಬಲೆ ಹರವಿಕೊಂಡು ಹೊಲಿಯುತ್ತಿದ್ದ. ನಮ್ಮನ್ನು ನೋಡಿ ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ನಾನು ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ತಪ್ಪಾಯಿತು ಅಂದೆ. ಅವನು ಬಲೆಯ ಒಂದು ಅಂಚು ಎತ್ತಿ ನನ್ನ ಕೈಗೆ ಕೊಟ್ಟ, ಮರದ ಸೂಜಿಯನ್ನೂ ಕೊಟ್ಟ.

ದಾರ ಸುತ್ತಿ ಗಂಟು ಹಾಕಬೇಕು. ಎಷ್ಟೋ ವರ್ಷ ಕಬ್ಬಿಣ ಕರಗಿಸಿದ ಕೈ, ಒಂದು ಗಂಟಿಗೆ ಸೋತಿತು. ಹಾಕಿದ್ದು ಜಾರುತ್ತಿತ್ತು, ಬಿಗಿದದ್ದು ಸಿಕ್ಕಾಗುತ್ತಿತ್ತು. ಅವನು ಈಗ ಕಸಿದುಕೊಂಡು ಮಾಡಿಯಾನು ಅಂತ ನಾನು ಕಾದೆ. ಅವನು ಎರಡೂ ಕೈ ಕಿಸೆಯಲ್ಲಿಟ್ಟುಕೊಂಡು, ಗೋಡೆಗೆ ಒರಗಿ, ಒಂದೊಂದೇ ಮಾತು ಅಂದ. ಮೇಲೆ. ಕೆಳಗೆ. ಬಿಡು. ಈಗ ಎಳೆ. ತಪ್ಪಿದಾಗ ತಪ್ಪಿತು ಅಂತಲೂ ಹೇಳಲಿಲ್ಲ, ಗಂಟು ತಾನೇ ಬಿಚ್ಚಿಕೊಂಡು ಹೇಳುತ್ತಿತ್ತು. ಮಹೆಬೂಬ ಬಾಗಿಲಲ್ಲಿ ಕೂತು ಉಸ್ತಾದ ಶರಣಪ್ಪನ ಬಲೆಯೊಳಗೆ ಮೀನಲ್ಲ, ಎಮ್ಮೆ ದಾಟಿ ಹೋದೀತು ಅಂತ ಚೇಷ್ಟೆ ಮಾಡುತ್ತಿದ್ದ.

ಕೊನೆಗೊಂದು ಗಂಟು ಕೂತಿತು. ಎಳೆದೆ, ಜಾರಲಿಲ್ಲ. ಯಾಕೆ ಜಾರಲಿಲ್ಲ ಅಂತಲೂ ನನಗೆ ತಿಳಿದಿತ್ತು. ಅರ್ನಿ ನಕ್ಕ. ನಾನೂ ನಕ್ಕೆ. ರಸೂಲ್ ಉಸ್ತಾದರ ಬೆನ್ನ ಹಿಂದೆ ವರ್ಷಗಟ್ಟಲೆ ನಿಂತು ಕಲಿತದ್ದನ್ನು ಇವನು ಅರ್ಧ ದಿನದಲ್ಲಿ ಕಲಿಸಿದ ಅಂತ ನಾನು ಅನ್ನುವುದಿಲ್ಲ, ಗಂಟು ಬೇರೆ, ಬೆಸುಗೆ ಬೇರೆ. ಆದರೆ ಕಲಿಯುವವನ ಜಾಗದಲ್ಲಿ ಕೂರುವುದು ಹೇಗಿರುತ್ತದೆ ಅಂತ ನಾನು ಮರೆತೇಬಿಟ್ಟಿದ್ದೆ.

ಎರಡನೆಯ ಸಲ

ಸೋಮವಾರದಿಂದ ನಾನು ಕೈ ಕಿಸೆಯಲ್ಲಿಟ್ಟೆ. ಬರೀ ಇಡಲಿಲ್ಲ, ಒಳಗೆ ಮುಷ್ಟಿ ಕಟ್ಟಿ ಹಿಡಿದೆ. ಕೈ ಇಲ್ಲದ ಮೇಲೆ ಬಾಯಿ ಬೇಕಾಯಿತು. ಹುಟ್ಟಿದಾಗಿನಿಂದ ಕೈಯಿಂದ ಮಾಡಿದ್ದನ್ನು ಬಾಯಲ್ಲಿ ಹೇಳುವುದೆಂದರೆ ನನ್ನ ಕೆಲಸವನ್ನು ನಾನೇ ಹೊಸದಾಗಿ ಕಲಿತ ಹಾಗಾಯಿತು. ಎಲ್ಲಿ ನಿಲ್ಲುತ್ತೇನೆ, ಯಾಕೆ ನಿಲ್ಲುತ್ತೇನೆ, ಮುಂದೆ ಹೋಗು ಅಂತ ನನಗೆ ಯಾರು ಹೇಳುತ್ತಾರೆ? ಕಿವಿ ಹೇಳುತ್ತದೆ. ಬೆಸುಗೆ ಸರಿ ನಡೆದಾಗ ಒಂದೇ ಸಮನೆ ಸದ್ದು ಬರುತ್ತದೆ, ಮುನಿದಾಗ ಚಟಪಟ ಅನ್ನುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳಬೇಕು ಅಂತ ಹೊಳೆದೂ ಇರಲಿಲ್ಲ. ಅರ್ನಿಗೆ ಕಿವಿ ತೋರಿಸಿದೆ. ಅವನು ಕೇಳಿಸಿಕೊಂಡ. ನೀರಿನ ಸದ್ದು ಕೇಳಿ ಗಾಳಿ ಯಾವ ಕಡೆಯದು ಅಂತ ಹೇಳುತ್ತಿದ್ದ ಮನುಷ್ಯ, ಅವನಿಗೆ ಇದು ಕೂಡಲೇ ಹಿಡಿಯಿತು.

ಪರೀಕ್ಷೆಯಲ್ಲಿ ಕೆಳಹೊಟ್ಟೆ ಬಂತು. ಅರ್ನಿಯ ಕೈ ಮತ್ತೆ ನಡುಗಿತು. ನನ್ನ ಕೈ ಕಿಸೆಯೊಳಗೆ ಎದ್ದು ನಿಂತಿತು, ಖರೆ ಹೇಳುತ್ತೇನೆ. ನಿಲ್ಲು ಅಂದೆ, ಅಷ್ಟೇ. ಅರ್ನಿ ನಿಂತ. ಉಸಿರು ಬಿಟ್ಟ. ಹೋಗು ಅನ್ನುವ ಮುಂಚೆ ತಾನೇ ಹೋದ.

ಫಿಲ್ಮು ಬೆಳಕಿಗೆ ಹಿಡಿದು ವಾಲ್ಟರ್ ಸಾಹೇಬ ಭಾಳ ಹೊತ್ತು ನೋಡಿದ. ಒಂದು ಕಡೆ ಮಸುಕು ಗುರುತಿತ್ತು. ಅವನು ತೋರಿಸುವ ಮುಂಚೆ ಅರ್ನಿಯೇ ಬೆರಳಿಟ್ಟು, ಇಲ್ಲಿ ನಾನು ನಿಂತಿದ್ದೆ ಅಂದ. ನಿಯಮದ ಒಳಗೇ ಇತ್ತು. ಪಾಸು. ಆ ದೊಡ್ಡ ಗಡ್ಡದವನು ನನ್ನನ್ನು ಅಪ್ಪಿಕೊಂಡು ನೆಲದಿಂದ ಎತ್ತಿದ. ನನ್ನ ಕಾಲು ನೆಲ ಬಿಟ್ಟದ್ದು ಆ ಪ್ರವಾಸದಲ್ಲಿ ವಿಮಾನ ಬಿಟ್ಟರೆ ಅದೊಂದೇ ಸಲ.

ಶಹಾಬಾದ

ಶೆಡ್ಡು ಎದ್ದಿತು. ಮೊದಲ ತಂಡದಲ್ಲಿ ಚಿಂಚೋಳಿ ಕಡೆಯ ನರಸಪ್ಪ ಇದ್ದ. ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಯಲ್ಲಿ ದುಡಿದವನು, ಎರಡು ಮಕ್ಕಳ ತಂದೆ, ಮಾತಿನಲ್ಲಿ ಅರ್ಧ ತೆಲುಗು. ನಾನು ಕಿಸೆಯಲ್ಲಿ ಕೈಯಿಟ್ಟು ನಿಲ್ಲುವುದು ನೋಡಿ ಕಾರ್ಖಾನೆಯವರಿಗೆ ಮೋಜು. ಶರಣಪ್ಪ ಕೆನಡಾಕ್ಕ ಹೋಗಿ ಕೈ ಅಲ್ಲೇ ಬಿಟ್ಟು ಬಂದಾನ ಅಂತ ಕ್ಯಾಂಟೀನಿನಲ್ಲಿ ನಗುತ್ತಿದ್ದರು. ನಗಲಿ.

ಒಂದು ದಿನ ರಸೂಲ್ ಉಸ್ತಾದರೇ ಬಂದರು. ನಿವೃತ್ತಿಯಾಗಿತ್ತು, ಕೋಲು ಹಿಡಿದಿದ್ದರು. ನಾನು ಕಾಲು ಮುಟ್ಟಿದೆ. ನರಸಪ್ಪ ಬೆಸುಗೆ ಹಾಕುತ್ತಿದ್ದ. ಕೆಳಹೊಟ್ಟೆಯಲ್ಲಿ ಚಟಪಟ ಶುರುವಾಯಿತು. ಉಸ್ತಾದರ ಕಿವಿಗೆ ಅದು ನನಗಿಂತ ಮೊದಲೇ ಬಿತ್ತು.

"ಶರಣ್ಯಾ, ಕೆಡಸಲಿಕತ್ತಾನ. ಕಸಕೋ ಅದನ್ನ."

ನಾನು ಅಲುಗಲಿಲ್ಲ. ಅವರ ಮಾತು ಮೀರಿದ್ದು ಅದೇ ಮೊದಲು. ಅವರು ಕೋಲು ನೆಲಕ್ಕೆ ಕುಟ್ಟಿದರು. ನರಸಪ್ಪ ಕೆಡಿಸಿದ, ಪೂರ್ತಿ ಕೆಡಿಸಿದ. ಆಮೇಲೆ ತಾನೇ ಕರೆಂಟು ನಿಲ್ಲಿಸಿ ಶೀಲ್ಡು ಎತ್ತಿದ. ಪೈಪಿನ ಅಡಿಯಲ್ಲಿ, ಅದನ್ನು ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದ.

"ಇಲ್ಲಿಂದ ಇಲ್ಲೀತನ ಕೆಟ್ಟದ್ರಿ. ಸದ್ದು ಬದಲಾತು, ನಾ ನಿಲ್ಲಲಿಲ್ಲ. ಇಷ್ಟು ಕಡದು ತೆಗೀತೀನ್ರಿ."

ಉಸ್ತಾದರು ನನ್ನ ಕಡೆ ತಿರುಗಿ, ಅವನಿಗೆ ಇದನ್ನು ಹೇಳಿಕೊಟ್ಟವರು ಯಾರು ಅಂತ ಕೇಳಿದರು. ಈಗ ಯಾರೂ ಹೇಳಿಲ್ಲರಿ, ಅವನಿಗೇ ತಿಳಿಯಿತು ಅಂದೆ. ಅವರು ಬಗ್ಗಿ, ಕನ್ನಡಕ ಏರಿಸಿ, ಕೆಟ್ಟ ಜಾಗ ನೋಡಿದರು. ಅವನು ತೋರಿಸಿದ್ದು ಸರಿ ಇತ್ತು, ಒಂದು ಬೆರಳು ಆಚೆ ಈಚೆ ಇರಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು, ಕೋಲು ತೊಡೆಯ ಮೇಲೆ ಅಡ್ಡ ಇಟ್ಟರು.

"ಇನ್ನೊಂದು ಪೈಪ್ ಕೊಡು ಅವಂಗ" ಅಂದರು. "ನಾ ಕುಂತು ನೋಡ್ತೀನಿ."